ಕನ್ನಡಕ ಹಾಕಿಕೊಂಡವನ ಪಕ್ಕದಲ್ಲಿ ಇನ್ನೊಬ್ಬರು



ಕಂಪ್ಯೂಟರ್ ಕೆಲಸದವನು ಅಂತ ಒಮ್ಮೆ ಗೊತ್ತಾದರೆ ಸಾಕು, ಪ್ರಿಂಟರಿನಿಂದ ಹಿಡಿದು ಮೈಕ್ರೋವೇವ್ ತನಕ ಎಲ್ಲದಕ್ಕೂ ನಮ್ಮನ್ನೇ ಕೇಳುತ್ತಾರೆ. ನಿಮ್ಮಲ್ಲಿ ಅನೇಕರಿಗೆ ಇದರ ಅನುಭವ ಇದ್ದೇ ಇರುತ್ತದೆ. ಹೋದ ತಿಂಗಳು ಒಂದು ಭಾನುವಾರ ಇಲ್ಲೇ ಫ್ಲ್ಯಾಟ್ ಬುಷ್‌ನಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವ ಗೆಳೆಯರ ಮನೆಗೆ ಊಟಕ್ಕೆ ಹೋಗಿದ್ದೆವು. ಬಿಸಿಬೇಳೆಬಾತ್ ಎರಡನೇ ಸಲ ಬಡಿಸಿಕೊಂಡು ಸೋಫಾದಲ್ಲಿ ಒರಗಿದ್ದೆ ಅಷ್ಟೆ, ಮನೆಯ ಯಜಮಾನರು ಲ್ಯಾಪ್‌ಟಾಪ್ ಹಿಡಿದು ಬಂದರು. ಅವರು ಊರಿನಿಂದ ಮಸಾಲೆ ಪದಾರ್ಥ ತರಿಸಿ ಅಂಗಡಿಗಳಿಗೆ ಹಾಕುವ ಸಣ್ಣ ವ್ಯಾಪಾರ ಮಾಡುತ್ತಾರೆ. ಲೆಕ್ಕವೆಲ್ಲ ಹತ್ತು ವರ್ಷದಿಂದ ಆಕ್ಸೆಸ್ ಮತ್ತು ಎಕ್ಸೆಲ್‌ನಲ್ಲಿ. "ಸಾರ್, ಡೇಟಾ ಎಲ್ಲಾ ಕ್ಲೌಡ್‌ಗೆ ಹಾಕಿ ಅಂತ ನಮ್ಮ ಅಕೌಂಟೆಂಟ್ ಪ್ರಾಣ ತಿಂತಿದಾರೆ. ನನಗೆ ಈ ಎಕ್ಸೆಲ್ ಬಿಟ್ಟು ಬೇರೇನೂ ಬರೋದಿಲ್ಲ. ಇದನ್ನೇ ಅಲ್ಲಿಗೆ ತಗುಲಿಸಿ ಕೊಡ್ತೀರಾ?" ಅಂದರು. ಅಷ್ಟರಲ್ಲಿ ಮೇಲಿನ ರೂಮಿನಿಂದ ಅವರ ಹದಿನೈದು ವರ್ಷದ ಮಗ ಇಳಿದು ಬಂದು, "ಅಂಕಲ್, ಡ್ರೋನ್‌ಗೆ ಯಾವ ಗಾಗಲ್ಸ್ ತಗೊಳ್ಳಲಿ? ಅಪ್ಪ ಬರ್ತ್‌ಡೇಗೆ ಕೊಡಿಸ್ತೀನಿ ಅಂದಿದಾರೆ" ಅಂತ ಫೋನ್ ಮುಂದೆ ಹಿಡಿದ.

ಬಾಯಿಗೆ ಬಂದದ್ದು ಹೇಳಿ ಎದ್ದು ಬಂದೆ. ಆದರೆ ಮನೆಗೆ ನಡೆದು ಬರುವಾಗ ಅನ್ನಿಸಿತು, ಅಪ್ಪ ಮಗ ಇಬ್ಬರೂ ಕೇಳಿದ್ದು ಹೆಚ್ಚು ಕಡಿಮೆ ಒಂದೇ ಪ್ರಶ್ನೆ. ದೂರದಲ್ಲಿರುವ ಒಂದು ವಸ್ತುವನ್ನು ಇಲ್ಲಿ ಕೂತು ನೋಡಬೇಕು, ನಡೆಸಬೇಕು. ಇಬ್ಬರೂ ವಿಚಾರಿಸಿದ್ದು ನೋಡುವ ಕನ್ನಡಕವನ್ನು ಮಾತ್ರ. ಆ ತುದಿಯಲ್ಲಿ ಏನಿದೆ, ಪಕ್ಕದಲ್ಲಿ ಯಾರಿದ್ದಾರೆ ಅಂತ ಇಬ್ಬರೂ ಕೇಳಲಿಲ್ಲ. ಕಸುಬು ಬಲ್ಲ ನಾನೂ ಒಂದು ಕಾಲದಲ್ಲಿ ಕೇಳಿರಲಿಲ್ಲ, ಅದರ ಫಲ ಉಂಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಹುಡುಗನ ವಿಷಯ, ಯಾಕೆಂದರೆ ಅವನ ಹುಟ್ಟುಹಬ್ಬ ಹತ್ತಿರ ಬಂತು!

ಡ್ರೋನ್ ಗಾಗಲ್ಸ್ ಅಂದರೆ ಗೊತ್ತಿಲ್ಲದವರಿಗೆ: ಡ್ರೋನಿನ ಮೂತಿಯಲ್ಲಿ ಒಂದು ಕ್ಯಾಮೆರಾ, ಅದರ ಚಿತ್ರವನ್ನು ಗಾಳಿಯಲ್ಲಿ ಕಳಿಸುವ ಒಂದು ಟ್ರಾನ್ಸ್‌ಮಿಟರ್, ಅದನ್ನು ಹಿಡಿದು ನಿಮ್ಮ ಕಣ್ಣಿನ ಮುಂದೆ ತೋರಿಸುವ ಮುಖವಾಡದಂತಹ ಕನ್ನಡಕ. ಹಾಕಿಕೊಂಡರೆ ಹಕ್ಕಿಯ ಬೆನ್ನ ಮೇಲೆ ಕೂತ ಹಾಗೆ. ಒಮ್ಮೆ ನಾನೂ ಹಾಕಿ ನೋಡಿದ್ದೇನೆ, ಎರಡು ನಿಮಿಷದಲ್ಲಿ ತಲೆ ತಿರುಗಿ ಹುಲ್ಲಿನ ಮೇಲೆ ಕೂತುಬಿಟ್ಟೆ. ಹುಡುಗರಿಗೆ ಏನೂ ಆಗುವುದಿಲ್ಲ.

ಇದನ್ನು ಕೊಳ್ಳುವಾಗ ನಮ್ಮವರು ಮಾಡುವ ಮೊದಲ ತಪ್ಪು, ಟಿ.ವಿ. ಕೊಂಡ ಹಾಗೆ ಕೊಳ್ಳುವುದು. ಪರದೆ ಎಷ್ಟು ದೊಡ್ಡದು, ಎಷ್ಟು ಪಿಕ್ಸೆಲ್, ಎಷ್ಟು ಡಿಸ್ಕೌಂಟ್! ಟಿ.ವಿ.ಗೆ ಯಾವ ಕಂಪನಿಯ ಪೆಟ್ಟಿಗೆ ಬೇಕಾದರೂ ತಗುಲಿಸಬಹುದು, ಇಲ್ಲಿ ಹಾಗಲ್ಲ. ಚಿತ್ರ ಕಳಿಸುವ ಪದ್ಧತಿಗಳಲ್ಲೇ ನಾಲ್ಕು ಜಾತಿ. ಹಳೆಯ ಕಾಲದ ಅನಲಾಗ್ ಒಂದು, ಡಿಜೆಐ ಕಂಪನಿಯದೊಂದು, ವಾಕ್‌ಸ್ನೇಲ್ ಒಂದು, ಎಚ್‌ಡಿಝೀರೋ ಒಂದು. ಒಂದರ ಚಿತ್ರ ಇನ್ನೊಂದಕ್ಕೆ ಕಾಣುವುದಿಲ್ಲ. ಕೆಲವು ಗಾಗಲ್ಸ್‌ಗೆ ಬೇರೆ ರಿಸೀವರ್ ಸಿಕ್ಕಿಸಬಹುದು ನಿಜ, ಅದಕ್ಕೆ ಬೇರೆ ದುಡ್ಡು. ಇಷ್ಟೇ ಅಲ್ಲ, ಒಂದೇ ಕಂಪನಿಯ ಹೊಸ ಗಾಗಲ್ಸ್ ಅದೇ ಕಂಪನಿಯ ಹಳೆಯ ಡ್ರೋನಿನ ಜೊತೆ ಮಾತಾಡುತ್ತದೆ ಅಂತಲೂ ಇಲ್ಲ. ಹಾಗಾಗಿ ನಾನು ಹುಡುಗನಿಗೆ ಹೇಳಬೇಕಿದ್ದ ಮೊದಲ ಮಾತು, "ನಿನ್ನ ಹತ್ತಿರ ಯಾವ ಡ್ರೋನ್ ಇದೆ ಮರಿ?" ಅಂತ. ಇಲ್ಲದಿದ್ದರೆ, ಯಾವ ಗೆಳೆಯರ ಜೊತೆ ಹಾರಿಸುತ್ತಾನೋ ಅವರ ಹತ್ತಿರ ಇರುವ ಪದ್ಧತಿಯನ್ನೇ ತೆಗೆದುಕೊಳ್ಳುವುದು ಜಾಣತನ. ಒಬ್ಬ ಹಾರಿಸುವಾಗ ಇನ್ನೊಬ್ಬ ತನ್ನ ಗಾಗಲ್ಸ್‌ನಲ್ಲಿ ನೋಡಬಹುದು, ಕೆಟ್ಟರೆ ಬಿಡಿಭಾಗ ಸಾಲ ಸಿಗುತ್ತದೆ.

ಎರಡನೆಯದು ತಡ. ಕ್ಯಾಮೆರಾ ನೋಡಿದ್ದು ನಿಮ್ಮ ಕಣ್ಣಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಒಳ್ಳೆಯ ಸಲಕರಣೆಯಲ್ಲಿ ಅದು ಮೂವತ್ತು ಮಿಲಿಸೆಕೆಂಡ್ ಆಸುಪಾಸು. ಅಯ್ಯೋ ಅಷ್ಟೇನಾ ಅನ್ನಬೇಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಡ್ರೋನ್ ಅಷ್ಟರಲ್ಲಿ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಅಗ್ಗದ ಆಟಿಕೆ ಡ್ರೋನ್‌ಗಳು ವೈಫೈ ಮೇಲೆ ಚಿತ್ರ ಕಳಿಸುತ್ತವೆ, ಅಲ್ಲಿ ತಡ ಇದರ ಎಷ್ಟೋ ಪಟ್ಟು. ನೀವು ಕಂಡ ಮರ ಆಗಲೇ ಹಿಂದಾಗಿರುತ್ತದೆ, ಅಥವಾ ಡ್ರೋನ್ ಆಗಲೇ ಮರದಲ್ಲಿರುತ್ತದೆ. ಅನಲಾಗ್ ಚಿತ್ರ ನಮ್ಮ ದೂರದರ್ಶನದ ಕಾಲದ ಹಾಗೆ ಸೊಳ್ಳೆ ಮುತ್ತಿದಂತೆ ಮಸುಕು, ಆದರೆ ದೂರ ಹೋದಂತೆ ನಿಧಾನವಾಗಿ ಹದಗೆಡುತ್ತಾ ಮುನ್ಸೂಚನೆ ಕೊಡುತ್ತದೆ. ಡಿಜಿಟಲ್ ಚಿತ್ರ ಕನ್ನಡಿಯಷ್ಟು ಸ್ವಚ್ಛ, ಆದರೆ ಸಿಗ್ನಲ್ ಸೋತಾಗ ಹಠಾತ್ತನೆ ನಿಂತುಬಿಡುವುದುಂಟು. ಆ ನಿಂತ ಚಿತ್ರ ಬಹಳ ಚೆನ್ನಾಗಿಯೇ ಇರುತ್ತದೆ ಅನ್ನುವುದೇ ಅಪಾಯ.

ಇನ್ನು ಕಣ್ಣು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಕನ್ನಡಕದವರು. ಡಿಜೆಐನ ಗಾಗಲ್ಸ್ 2ರಲ್ಲಿ ಮೈನಸ್ 8ರಿಂದ ಪ್ಲಸ್ 2ರವರೆಗೆ, ಗಾಗಲ್ಸ್ 3ರಲ್ಲಿ ಮೈನಸ್ 6ರಿಂದ ಪ್ಲಸ್ 2ರವರೆಗೆ ಪವರ್ ತಿರುಗಿಸಿ ಹೊಂದಿಸಬಹುದು. ಸಿಲಿಂಡರ್ ಪವರ್ ಇದ್ದವರಿಗೆ ಅದರಿಂದ ಪ್ರಯೋಜನವಿಲ್ಲ. ಎರಡೂ ಕಣ್ಣಿನ ಪಾಪೆಗಳ ನಡುವಿನ ಅಂತರ 56ರಿಂದ 72 ಮಿ.ಮೀ. ಒಳಗಿರಬೇಕು, ಚಿಕ್ಕ ಮಕ್ಕಳ ಮುಖಕ್ಕೆ ಇದು ಹೊಂದದೆ ಇರಬಹುದು. 2024ರಲ್ಲಿ ಬಂದ ಎನ್3 ಮತ್ತು ಹಳೆಯ ಡಬ್ಬಿ ಆಕಾರದ ಅನಲಾಗ್ ಗಾಗಲ್ಸ್ ಒಳಗೆ ಒಂದೇ ಪರದೆ, ಕನ್ನಡಕದ ಮೇಲೆಯೇ ಹಾಕಿಕೊಳ್ಳಬಹುದು. ಮುಖ ನೋಡಿ ಮಣೆ ಹಾಕು ಅನ್ನುವುದು ಇಲ್ಲಿ ಅಕ್ಷರಶಃ ನಿಜ! ಹುಡುಗನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಹಾಕಿಸಿ ನೋಡದೆ ಆನ್‌ಲೈನ್‌ನಲ್ಲಿ ಒತ್ತಿಬಿಡಬೇಡಿ.

ನನ್ನನ್ನು ಕೇಳಿದರೆ ಗಾಗಲ್ಸ್ ಕೊನೆಗೆ. ಮೊದಲು ಒಂದು ಒಳ್ಳೆಯ ರೇಡಿಯೋ ಕಂಟ್ರೋಲರ್ ಕೊಡಿಸಿ. ಅದನ್ನು ಯುಎಸ್‌ಬಿ ವೈರಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ ಲಿಫ್ಟ್‌ಆಫ್ ಅಥವಾ ವೆಲಾಸಿಡ್ರೋನ್‌ನಂತಹ ಸಿಮ್ಯುಲೇಟರ್‌ನಲ್ಲಿ ಎರಡು ಮೂರು ತಿಂಗಳು ಬೀಳಿಸಲಿ, ಏಳಿಸಲಿ. ಅಷ್ಟು ದಿನ ಆಸಕ್ತಿ ಉಳಿದರೆ ಆಮೇಲೆ ಗಾಗಲ್ಸ್. ಉಳಿಯದಿದ್ದರೆ ನಿಮ್ಮ ಗ್ಯಾರೇಜಿನಲ್ಲಿ ಕೀಬೋರ್ಡು, ಗಿಟಾರು, ಟೆಲಿಸ್ಕೋಪಿನ ಪಕ್ಕ ಇನ್ನೊಂದು ಪೆಟ್ಟಿಗೆ ಸೇರುವುದು ತಪ್ಪುತ್ತದೆ.

ಈಗ ಅಂಗಡಿಯವರು ಹೇಳದಿರುವ ಮುಖ್ಯ ಮಾತಿಗೆ ಬರುತ್ತೇನೆ. ನ್ಯೂಜಿಲೆಂಡಿನ ನಾಗರಿಕ ವಿಮಾನಯಾನ ನಿಯಮಗಳ ಭಾಗ 101, 2015ರ ಆಗಸ್ಟ್ 1ರಿಂದ ಡ್ರೋನ್‌ಗಳಿಗೆ ಅನ್ವಯಿಸುತ್ತಿದೆ. ಅದರ ಪ್ರಕಾರ ಡ್ರೋನ್ ಸದಾ ಬರಿಗಣ್ಣಿಗೆ ಕಾಣುತ್ತಿರಬೇಕು. ಮಾಮೂಲಿ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್ ಪರವಾಗಿಲ್ಲ. ದುರ್ಬೀನು, ಫೋನು, ಗಾಗಲ್ಸ್ ಲೆಕ್ಕಕ್ಕಿಲ್ಲ. ಅಂದರೆ ಗಾಗಲ್ಸ್ ಹಾಕಿ ಒಬ್ಬನೇ ಹಾರಿಸುವುದು ಕಾನೂನಿಗೆ ವಿರುದ್ಧ! ಪಕ್ಕದಲ್ಲಿ ಒಬ್ಬ ವೀಕ್ಷಕ ನಿಂತು, ಡ್ರೋನನ್ನು ಮತ್ತು ಸುತ್ತಲಿನ ಆಕಾಶವನ್ನು ಬರಿಗಣ್ಣಿನಿಂದ ನೋಡುತ್ತಾ ಹಾರಿಸುವವನಿಗೆ ಹೇಳುತ್ತಿರಬೇಕು. ಕೆಲವರು ಹೇಳುತ್ತಾರೆ, 250 ಗ್ರಾಂ ಒಳಗಿದ್ದರೆ ಏನೂ ಇಲ್ಲ ಸಾರ್ ಅಂತ. ಬೇರೆ ದೇಶಗಳಲ್ಲಿ ಆ ತೂಕಕ್ಕೆ ಒಂದಿಷ್ಟು ರಿಯಾಯಿತಿ ಇದೆ, ಇಲ್ಲಿ ಈ ನಿಯಮಕ್ಕೆ ಅದು ಇಲ್ಲ. 120 ಮೀಟರ್ ಎತ್ತರದ ಮಿತಿ, ಹಗಲು ಹೊತ್ತಿನಲ್ಲೇ ಹಾರಿಸುವುದು, ಯಾರ ತಲೆಯ ಮೇಲೆ ಯಾರ ಜಾಗದ ಮೇಲೆ ಹಾರುತ್ತದೋ ಅವರ ಒಪ್ಪಿಗೆ, ವಿಮಾನ ನಿಲ್ದಾಣದಿಂದ ನಾಲ್ಕು ಕಿಲೋಮೀಟರ್ ಒಳಗೆ ಇನ್ನಷ್ಟು ಬಿಗಿ... ಇವೂ ಇವೆ. ನಮ್ಮ ಫ್ಲ್ಯಾಟ್ ಬುಷ್‌ಗೆ ಒಂದು ಕಡೆ ಮಾಂಗೆರೆಯ ದೊಡ್ಡ ವಿಮಾನ ನಿಲ್ದಾಣ, ಇನ್ನೊಂದು ಕಡೆ ಸಣ್ಣ ವಿಮಾನಗಳು ಇಡೀ ದಿನ ಹತ್ತಿ ಇಳಿಯುವ ಆರ್ಡ್‌ಮೋರ್. ಹಾಗಾಗಿ ವಾಯುಪ್ರದೇಶದ ನಕ್ಷೆ ನೋಡದೆ ಹಿತ್ತಲಿನಿಂದಲೂ ಎತ್ತಬೇಡಿ. ನಾವೆಲ್ಲ ವಾಕಿಂಗ್ ಹೋಗುವ ಬ್ಯಾರಿ ಕರ್ಟಿಸ್ ಪಾರ್ಕು ಎಷ್ಟು ವಿಶಾಲವಾಗಿದ್ದರೂ ಅದು ಕೌನ್ಸಿಲ್ಲಿನ ಜಾಗ, ಅವರ ಷರತ್ತುಗಳನ್ನು ಓದಿಕೊಂಡೇ ಹೋಗಬೇಕು.

ಊರಿಗೆ ಹೋಗುವವರಿಗೆ ಒಂದು ಮಾತು. ಮಲೆನಾಡಿನ ತೋಟ, ಅಜ್ಜನ ಮನೆ ಎಲ್ಲಾ ಮೇಲಿನಿಂದ ಚಿತ್ರ ತೆಗೆಯೋಣ ಅಂತ ಸೂಟ್‌ಕೇಸಿನಲ್ಲಿ ಡ್ರೋನ್ ಇಟ್ಟುಕೊಂಡು ಹೋಗಬೇಡಿ. ಭಾರತ ಸರ್ಕಾರ 2022ರ ಫೆಬ್ರವರಿಯಲ್ಲಿ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ರಕ್ಷಣೆ, ಭದ್ರತೆ, ಸಂಶೋಧನೆಗಷ್ಟೇ ವಿನಾಯಿತಿ. ಕೆಂಪೇಗೌಡ ನಿಲ್ದಾಣದಲ್ಲಿ ಅತ್ತೆ ಮಾವ ಹೂವು ಹಿಡಿದು ಹೊರಗೆ ಕಾಯುತ್ತಿದ್ದಾಗ ನೀವು ಒಳಗೆ ಕಸ್ಟಮ್ಸ್‌ನವರ ಎದುರು ನಿಂತಿರುವುದು ಚೆನ್ನಾಗಿರುವುದಿಲ್ಲ.

ಸರಿ, ಈಗ ಅಪ್ಪನ ಪ್ರಶ್ನೆ.

ಅವರ ಎಕ್ಸೆಲ್ ಮತ್ತು ಆಕ್ಸೆಸ್‌ಗಳೂ ಒಂದು ಬಗೆಯ ಗಾಗಲ್ಸೇ. ನಿಜವಾದ ಡೇಟಾ ಎಲ್ಲೋ ದೂರದ ಕಟ್ಟಡದಲ್ಲಿರುತ್ತದೆ. ನಡುವೆ ಚಿತ್ರ ಸಾಗಿಸುವ ಕೆಲಸ ಓಡಿಬಿಸಿ ಡ್ರೈವರ್ ಅನ್ನುವ ದುಭಾಷಿಯದು. ಇಲ್ಲೂ ಜಾತಿ ಹೊಂದಬೇಕು. ಎಸ್‌ಕ್ಯುಎಲ್ ಸರ್ವರ್‌ಗೆ ಒಂದು ಡ್ರೈವರ್, ಪೋಸ್ಟ್‌ಗ್ರೆಸ್‌ಗೆ ಇನ್ನೊಂದು, ಮೈಎಸ್‌ಕ್ಯುಎಲ್‌ಗೆ ಮತ್ತೊಂದು. ಅದೂ ಸಾಲದು, ನಿಮ್ಮ ಆಫೀಸ್ 32 ಬಿಟ್ಟಿನದಾದರೆ ಡ್ರೈವರೂ 32, 64 ಆದರೆ 64. ವಿಂಡೋಸ್ ಒಳಗೆ ಓಡಿಬಿಸಿ ಹೊಂದಿಸುವ ಪರದೆಗಳೇ ಎರಡಿವೆ, ನೋಡಲು ಅವಳಿ ಮಕ್ಕಳ ಹಾಗೆ. ಒಂದರಲ್ಲಿ ಹೊಂದಿಸಿ ಇನ್ನೊಂದರಲ್ಲಿ ಹುಡುಕುತ್ತಾ ಇಡೀ ಶನಿವಾರ ಕಳೆದವರನ್ನು ನಾನು ಬಲ್ಲೆ. ಅವರ ಹೆಸರು ಹೇಳುವುದಿಲ್ಲ, ಆ ದಿನ ನನ್ನ ಹೆಂಡತಿ ನನಗೆ ಊಟಕ್ಕೆ ಮೂರು ಸಲ ಕರೆದಳು ಅಂತ ಮಾತ್ರ ಹೇಳುತ್ತೇನೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಆಕ್ಸೆಸ್ ಫೈಲನ್ನು ಒನ್‌ಡ್ರೈವ್‌ನಲ್ಲೋ ಡ್ರಾಪ್‌ಬಾಕ್ಸ್‌ನಲ್ಲೋ ಇಟ್ಟರೆ ಅದು ಕ್ಲೌಡ್ ಡೇಟಾಬೇಸ್ ಆಗುವುದಿಲ್ಲ, ಮೋಡದಲ್ಲಿಟ್ಟ ಫೈಲ್ ಆಗುತ್ತದೆ ಅಷ್ಟೆ. ಗಂಡ ಅಂಗಡಿಯಲ್ಲಿ, ಹೆಂಡತಿ ಮನೆಯಲ್ಲಿ ಒಟ್ಟಿಗೆ ತೆರೆದರೆ ಎರಡು ಪ್ರತಿ ಹುಟ್ಟುತ್ತವೆ, ಕೆಲವೊಮ್ಮೆ ಫೈಲೇ ಕೆಟ್ಟುಹೋಗುತ್ತದೆ. ಟೇಬಲ್‌ಗಳು ಸರ್ವರ್‌ಗೆ ಹೋಗಬೇಕು, ಫಾರಂಗಳು ಮಾತ್ರ ನಿಮ್ಮ ಮೇಜಿನ ಮೇಲಿರಬೇಕು. ಹಾಗೆ ಮಾಡಿದ ಮೇಲೆ ದೂರದ ಲೆಕ್ಕ ಬರುತ್ತದೆ. ಹಿಂದೆ ನಮಗೆ ಹತ್ತಿರದ ದೊಡ್ಡ ಡೇಟಾ ಸೆಂಟರ್ ಅಂದರೆ ಸಿಡ್ನಿ. ಮೈಕ್ರೋಸಾಫ್ಟ್ 2024ರ ಡಿಸೆಂಬರಿನಲ್ಲಿ, ಅಮೆಜಾನ್ 2025ರಲ್ಲಿ ನ್ಯೂಜಿಲೆಂಡಿನಲ್ಲೇ ತಮ್ಮ ಕ್ಲೌಡ್ ಪ್ರದೇಶ ತೆರೆದವು. ಆದರೂ ಹಿಂದೆ ಶುರು ಮಾಡಿದವರ ಡೇಟಾ ತಾನಾಗಿ ಸಮುದ್ರ ದಾಟಿ ಬರುವುದಿಲ್ಲ. ಒಂದು ಸಲ ಹೋಗಿ ಬರಲು 30 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಆಕ್ಸೆಸ್ ಫಾರಂ ಸಾವಿರ ಸಾಲುಗಳನ್ನು ಒಂದೊಂದಾಗಿ ಕೇಳಿದರೆ ಅರ್ಧ ನಿಮಿಷ ಪರದೆ ಬೆಪ್ಪಾಗಿ ಕೂರುತ್ತದೆ. ಎಲ್ಲವನ್ನೂ ತರಿಸಿ ಇಲ್ಲಿ ಆರಿಸುವ ಬದಲು ಅಲ್ಲೇ ಆರಿಸಿ ಬೇಕಾದ ಇಪ್ಪತ್ತು ಸಾಲು ಮಾತ್ರ ತರಿಸುವ ಹಾಗೆ ಬರೆಯಬೇಕು. ಮಾರುಕಟ್ಟೆಯನ್ನೇ ಮನೆಗೆ ಹೊತ್ತು ತಂದು ಎರಡು ಬದನೆಕಾಯಿ ಆರಿಸುವವರು ಉಂಟೇ?

ಇವೆಲ್ಲ ಒಂದು ವಾರಾಂತ್ಯದ ಕಷ್ಟಗಳು. ಎಕ್ಸೆಲ್ಲಿನ ಕಷ್ಟ ಬೇರೆ ತರದ್ದು, ಅದು ಗೊತ್ತೇ ಆಗುವುದಿಲ್ಲ. ಅದಕ್ಕೆ ನನ್ನ ಕಥೆ.

ಕೆಲವು ವರ್ಷಗಳ ಹಿಂದೆ ನಾನು ಇಲ್ಲಿನ ಒಂದು ಬಳಗದ ಸದಸ್ಯರ ಪಟ್ಟಿ ನೋಡಿಕೊಳ್ಳುತ್ತಿದ್ದೆ. ದೊಡ್ಡ ಹುಮ್ಮಸ್ಸಿನಿಂದ ಅದನ್ನು ಕ್ಲೌಡ್ ಡೇಟಾಬೇಸಿಗೆ ಹಾಕಿ, ಪವರ್ ಕ್ವೆರಿ ಅನ್ನುವ ಸೌಲಭ್ಯದಿಂದ ಎಕ್ಸೆಲ್ಲಿಗೆ ಜೋಡಿಸಿ ಸಮಿತಿಯವರಿಗೆ ಕೊಟ್ಟೆ. ಎಲ್ಲರೂ ಶಭಾಷ್ ಅಂದರು. ನಮ್ಮಲ್ಲಿ ಒಬ್ಬ ಹಿರಿಯ ಅಕ್ಕ ಇದ್ದರು. ಅವರು ಮೂರು ಸಂಜೆ ಕೂತು ಮನೆಮನೆಗೆ ಫೋನ್ ಮಾಡಿ, ಮನೆ ಬದಲಿಸಿದವರು, ನಂಬರ್ ಬದಲಿಸಿದವರು, ಊರಿನಿಂದ ತಂದೆ ತಾಯಿ ಬಂದಿರುವವರು ಎಲ್ಲರ ವಿವರ ಕೇಳಿ ಆ ಎಕ್ಸೆಲ್ಲಿನಲ್ಲೇ ತಿದ್ದಿದರು. ಪವರ್ ಕ್ವೆರಿ ಒಮ್ಮುಖದ ರಸ್ತೆ. ಅದು ಡೇಟಾಬೇಸಿನಿಂದ ತರುತ್ತದೆ, ವಾಪಸ್ಸು ಬರೆಯುವುದಿಲ್ಲ. ಇದನ್ನು ನಾನು ಅವರಿಗೆ ಹೇಳಿರಲಿಲ್ಲ. ಆ ಫೈಲ್ ಹಂಚಿದ ಫೋಲ್ಡರಿನಲ್ಲಿತ್ತು. ದೀಪಾವಳಿ ಕಾರ್ಯಕ್ರಮದ ಹೆಸರಿನ ಚೀಟಿ ಮುದ್ರಿಸಲು ನಾನು ಅದನ್ನು ತೆರೆದು 'ರಿಫ್ರೆಶ್ ಆಲ್' ಒತ್ತಿದೆ. ಅಕ್ಕನ ಮೂರು ಸಂಜೆ ಒಂದು ಕ್ಷಣದಲ್ಲಿ ಅಳಿಸಿಹೋಯಿತು. ಯಾವ ಎಚ್ಚರಿಕೆಯೂ ಬರಲಿಲ್ಲ. ಪಟ್ಟಿ ನೋಡಲು ಅಚ್ಚುಕಟ್ಟಾಗಿತ್ತು. ನಿಂತುಹೋದ ಡಿಜಿಟಲ್ ಚಿತ್ರದ ಹಾಗೆ.

2023ರ ಜನವರಿ 27ರ ಶುಕ್ರವಾರ ನಿಮಗೆಲ್ಲ ನೆನಪಿರಬೇಕು. ಆಕ್ಲೆಂಡ್ ಕಂಡರಿಯದ ಮಳೆ. ವಿಮಾನ ನಿಲ್ದಾಣದ ಒಳಗೇ ನೀರು. ಆ ಸಂಜೆ ನಮ್ಮ ಬಳಗದ ಒಂದು ದಂಪತಿ ಊರ ಹೊರಗೆ ಹೋದವರು ವಾಪಸ್ಸು ಬರಲಾಗದೆ ಮೋಟರ್‌ವೇಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮಾಂಗೆರೆಯ ಬಾಡಿಗೆ ಮನೆಯಲ್ಲಿ ಊರಿನಿಂದ ಬಂದ ವಯಸ್ಸಾದ ತಂದೆ ತಾಯಿ ಇಬ್ಬರೇ. ಅವರಿಗೆ ಇಂಗ್ಲಿಷ್ ಬಾರದು, ಮನೆಯ ಫೋನ್ ಎತ್ತುತ್ತಿಲ್ಲ. ಅದೇ ಬೀದಿಯಲ್ಲಿ ಇನ್ನೊಂದು ಕನ್ನಡ ಕುಟುಂಬ ಇದೆಯಲ್ಲ, ಅವರ ನಂಬರ್ ಕೊಡಿ ಅಂತ ನನಗೆ ಫೋನ್ ಬಂತು. ಪಟ್ಟಿ ತೆರೆದು ನಂಬರ್ ಕೊಟ್ಟೆ. ಅದು ಚಾಲ್ತಿಯಲ್ಲಿಲ್ಲದ ನಂಬರ್. ಅಕ್ಕ ಕಷ್ಟಪಟ್ಟು ತಿದ್ದಿದ್ದ, ನಾನು ಅಳಿಸಿದ್ದ ನಂಬರ್‌ಗಳಲ್ಲಿ ಅದೂ ಒಂದು. ಅವರಿವರನ್ನು ಕೇಳಿ ಸರಿಯಾದ ನಂಬರ್ ಸಿಗುವಾಗ ಒಂದೂವರೆ ಗಂಟೆ ಆಗಿತ್ತು. ದೇವರು ದೊಡ್ಡವನು, ಪಕ್ಕದ ಸಮೋವನ್ ಮನೆಯವರು ಆಗಲೇ ಆ ಇಬ್ಬರನ್ನೂ ಕೈಹಿಡಿದು ತಮ್ಮ ಮನೆಗೆ ಕರೆದೊಯ್ದು ಬಿಸಿ ಟೀ ಕೊಟ್ಟು ಕೂರಿಸಿದ್ದರು. ಆದರೆ ಆ ಒಂದೂವರೆ ಗಂಟೆ ಮೋಟರ್‌ವೇಯಲ್ಲಿ ಕೂತಿದ್ದ ಮಗನ ಧ್ವನಿ ನನಗೆ ಇವತ್ತಿಗೂ ಕೇಳಿಸುತ್ತದೆ. ಮರುದಿನ ಅಕ್ಕನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. "ನಾನು ಬರೆದಿಟ್ಟಿದ್ದ ನೋಟ್‌ಬುಕ್ ಇದೆಯಲ್ಲೋ, ನನ್ನನ್ನು ಯಾಕೆ ಕೇಳಲಿಲ್ಲ?" ಅಂದರು. ಪುಣ್ಯಾತ್ಗಿತ್ತಿ ನೀಲಿ ಪೆನ್ನಿನಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದರು!

ಆಗ ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಇಂತಹ ಡೇಟಾಬೇಸ್‌ಗಳು ನೀವು ಹೇಳಿದ ಐಪಿ ವಿಳಾಸದಿಂದ ಬಂದವರಿಗೆ ಮಾತ್ರ ಬಾಗಿಲು ತೆರೆಯುತ್ತವೆ. ಮನೆಯ ಬ್ರಾಡ್‌ಬ್ಯಾಂಡ್ ವಿಳಾಸವೋ ಆಗಾಗ ಬದಲಾಗುತ್ತದೆ. ಸಮಿತಿಯವರು ವಾರಕ್ಕೊಮ್ಮೆ "ಓಪನ್ ಆಗ್ತಿಲ್ಲ ಸಾರ್" ಅನ್ನುತ್ತಿದ್ದರು. ಬೇಸತ್ತು ಒಂದು ರಾತ್ರಿ ಸೊನ್ನೆಯಿಂದ 255ರವರೆಗೆ ಎಲ್ಲಾ ವಿಳಾಸಗಳಿಗೂ ಬಾಗಿಲು ತೆರೆದುಬಿಟ್ಟೆ. ಅಂದರೆ ಇಡೀ ಪ್ರಪಂಚಕ್ಕೆ! ಮೇಲಾಗಿ ಎಲ್ಲರಿಗೂ ಒಂದೇ ಪಾಸ್‌ವರ್ಡು, ಅದೂ ಎಕ್ಸೆಲ್ ಫೈಲಿನೊಳಗೇ ಉಳಿಸಿದ್ದು. ಆ ಫೈಲಿನಲ್ಲಿ ನಿಮ್ಮ ಮಕ್ಕಳ ಹೆಸರು, ವಯಸ್ಸು, ಮನೆ ವಿಳಾಸ ಇರುತ್ತದೆ. ಏನೂ ಅನಾಹುತ ಆಗಲಿಲ್ಲ, ಅದು ನನ್ನ ಜಾಣತನದಿಂದ ಅಲ್ಲ. ಈ ದೇಶದ 2020ರ ಖಾಸಗಿತನದ ಕಾಯಿದೆ ಸಂಘ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಮಾಹಿತಿ ಸೋರಿ ಯಾರಿಗಾದರೂ ಗಂಭೀರ ಹಾನಿ ಆಗುವಂತಿದ್ದರೆ ಪ್ರೈವೆಸಿ ಕಮಿಷನರ್‌ಗೆ ತಿಳಿಸಲೇಬೇಕು. ಇನ್ನು 2022ರ ನೋಂದಾಯಿತ ಸಂಘಗಳ ಕಾಯಿದೆ ಬಂದ ಮೇಲೆ ಹಳೆಯ ಸಂಘಗಳೆಲ್ಲ ಮರುನೋಂದಣಿಗೆ ಓಡಾಡಿದ್ದು, ಅದಕ್ಕೆ 2026ರ ಏಪ್ರಿಲ್ 5ರ ಗಡುವು ಇದ್ದದ್ದು ನಿಮಗೆ ಗೊತ್ತು. ಆ ಕಾಯಿದೆ ಪ್ರತಿ ಸಂಘವೂ ಸದಸ್ಯರ ಹೆಸರು, ಸಂಪರ್ಕ ವಿವರ, ಸೇರಿದ ದಿನಾಂಕದ ಪಟ್ಟಿ ಇಟ್ಟುಕೊಳ್ಳಬೇಕು ಅನ್ನುತ್ತದೆ. ಆದ್ದರಿಂದ ಪಟ್ಟಿಯೇ ಬೇಡ ಅನ್ನುವಂತಿಲ್ಲ.

ಈ ವಿಷಯದಲ್ಲಿ ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆ ನನಗೆ ಬಹಳ ಹಿಡಿಸುತ್ತದೆ. ಭೂಮಿ ಯೋಜನೆ ಬಂದಾಗ ನಮ್ಮಲ್ಲಿ ಎಷ್ಟೋ ಮಂದಿ ಇನ್ನೂ ಊರಿನಲ್ಲೇ ಇದ್ದೆವು. ಸುಮಾರು ಎರಡು ಕೋಟಿ ಪಹಣಿಗಳು, 67 ಲಕ್ಷ ರೈತರು, 177 ತಾಲ್ಲೂಕು ಕೇಂದ್ರಗಳು. ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗುತ್ತಿತ್ತು. ಅಲ್ಲಿಯವರೆಗೆ ಆ ಪುಸ್ತಕ ಇರುತ್ತಿದ್ದದ್ದು ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಕೈಯಲ್ಲಿ. ಏನು ಬರೆದಿದ್ದಾರೆ ಅಂತ ರೈತನಿಗೆ ಕಾಣುತ್ತಿರಲಿಲ್ಲ. ಭೂಮಿಯಲ್ಲಿ ಎರಡು ಕೆಲಸ ಮಾಡಿದರು. ದಾಖಲೆ ಮುಟ್ಟುವ ಅಧಿಕಾರಿ ತನ್ನ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಹಾಗಾಗಿ ಯಾರು ಬದಲಿಸಿದರು ಅನ್ನುವುದು ಉಳಿಯುತ್ತದೆ. ಇನ್ನೊಂದು, ಕಿಟಕಿಯಲ್ಲಿ ರೈತನ ಕಡೆಗೆ ತಿರುಗಿಸಿದ ಎರಡನೇ ಪರದೆ. ಒಳಗೆ ಕೂತವನು ನೋಡುತ್ತಿರುವುದನ್ನೇ ಹೊರಗೆ ನಿಂತವನೂ ನೋಡುತ್ತಾನೆ. ಓದಲು ಬಾರದವನ ಜೊತೆ ಓದಲು ಬರುವ ಮಗನೋ ಮೊಮ್ಮಗನೋ ನಿಂತಿರುತ್ತಾನೆ, "ತಾತ, ಹೆಸರು ತಪ್ಪಾಗಿದೆ" ಅನ್ನುತ್ತಾನೆ. ಭೂಮಿಯ ತಂತ್ರಾಂಶದಲ್ಲಿ ಏನೇನು ಕೊರತೆ ಇತ್ತೋ, ಆ ಪರದೆ ತಿರುಗಿಸುವ ಯೋಚನೆ ಬಂದವರಿಗೆ ನನ್ನ ನಮಸ್ಕಾರ. ಡ್ರೋನಿನ ನಿಯಮದಲ್ಲಿರುವ ವೀಕ್ಷಕ ಮಾಡುವ ಕೆಲಸವೂ ಇದೇ ತಾನೆ?

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಕೆಲವರಿಗೆ ಹಿಡಿಸದಿರಬಹುದು. ನೂರು ನೂರೈವತ್ತು ಕುಟುಂಬಗಳ ಸಂಘಕ್ಕೆ ಕ್ಲೌಡ್ ಡೇಟಾಬೇಸ್ ಬೇಕಾಗಿಲ್ಲ. ಸಂಘದ ಹೆಸರಿನ ಖಾತೆಯಲ್ಲಿ ಒಂದು ಹಂಚಿಕೊಂಡ ಸ್ಪ್ರೆಡ್‌ಶೀಟ್ ಸಾಕು. ಯಾರು ಯಾವಾಗ ತಿದ್ದಿದರು ಅಂತ ಅದೇ ಇಟ್ಟುಕೊಳ್ಳುತ್ತದೆ, ಹಳೆಯದನ್ನು ವಾಪಸ್ಸು ತರಬಹುದು. ನನ್ನಂತಹ ಉತ್ಸಾಹಿ ಬಂದು ದೊಡ್ಡದು ಕಟ್ಟಿಕೊಡುತ್ತೇನೆ ಅಂದರೆ, "ನೀನು ಬ್ರಿಸ್ಬೇನ್‌ಗೆ ಹೋದ ಮೇಲೆ ಇದನ್ನು ಯಾರು ನೋಡಿಕೊಳ್ಳುತ್ತಾರೆ?" ಅಂತ ಕೇಳಿ. ನಮ್ಮಲ್ಲಿ ವರ್ಷಕ್ಕೆ ಎಷ್ಟು ಕುಟುಂಬ ಆಸ್ಟ್ರೇಲಿಯಾ ಸೇರುತ್ತವೆ ಅಂತ ನಾನು ಹೇಳಬೇಕಾಗಿಲ್ಲ. ಖಾತೆ ಅವರ ಸ್ವಂತ ಇಮೇಲ್‌ನಲ್ಲಿ, ಬಿಲ್ಲು ಅವರ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಇದ್ದರೆ, ಕಾರ್ಡಿನ ಅವಧಿ ಮುಗಿದ ದಿನ ಪಟ್ಟಿಯೂ ಮುಗಿಯಿತು.

ಮಸಾಲೆ ವ್ಯಾಪಾರದ ಗೆಳೆಯರ ವಿಷಯ ಬೇರೆ. ಅವರಿಗೆ ಎರಡು ಗೋದಾಮು, ಮೂರು ಜನ ಏಕಕಾಲಕ್ಕೆ ಬಿಲ್ ಹಾಕುತ್ತಾರೆ, ಡೇಟಾಬೇಸ್ ಬೇಕು. ಹೋದ ವಾರ ಹೋಗಿ ಮಾಡಿಕೊಟ್ಟು ಬಂದೆ. ಟೇಬಲ್‌ಗಳು ಸರ್ವರ್‌ನಲ್ಲಿ, ಬಿಲ್ ಹಾಕಲು ಹಳೆಯ ಆಕ್ಸೆಸ್ ಫಾರಂಗಳೇ. ಎಕ್ಸೆಲ್ಲಿಗೆ ಓದುವ ಹಕ್ಕು ಮಾತ್ರ ಇರುವ ಬೇರೆ ಖಾತೆ, ಶೀಟಿನ ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ "ಇಲ್ಲಿ ತಿದ್ದಿದ್ದು ಉಳಿಯುವುದಿಲ್ಲ" ಅಂತ ಬರಹ, ಪಕ್ಕದಲ್ಲೇ ಕೊನೆಯ ಸಲ ರಿಫ್ರೆಶ್ ಆದ ದಿನ ಮತ್ತು ಹೊತ್ತು. ಬಾಗಿಲು ಅವರ ಅಂಗಡಿಯ ಬದಲಾಗದ ವಿಳಾಸಕ್ಕೆ ಮಾತ್ರ. ಅದಕ್ಕೆ ಇಂಟರ್ನೆಟ್ ಕಂಪನಿಗೆ ತಿಂಗಳಿಗೆ ಒಂದಿಷ್ಟು ಹೆಚ್ಚು ಕೊಡಬೇಕು, ಕೊಡಲಿ. ಅಡ್ಮಿನ್ ಕೀಲಿ ಅವರ ಹತ್ತಿರ ಒಂದು, ಅವರ ಹೆಂಡತಿಯ ಹತ್ತಿರ ಒಂದು. "ಅವಳಿಗೆ ಇದೆಲ್ಲ ಯಾಕೆ ಸಾರ್?" ಅಂದರು. ಆಕೆ ಅಡುಗೆ ಮನೆಯಿಂದಲೇ, "ಸ್ಟಾಕ್ ಎಷ್ಟಿದೆ ಅಂತ ನಿಮಗೆ ಹೇಳೋದು ಯಾರು?" ಅಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು. ಮೊದಲ ವಾರವೇ ಆಕೆ ಒಂದು ತಪ್ಪು ಹಿಡಿದಿದ್ದಾರೆ, ಬ್ಯಾಡಗಿ ಮೆಣಸಿನಕಾಯಿ ಕಿಲೋ ಲೆಕ್ಕದ ಬದಲು ಚೀಲದ ಲೆಕ್ಕದಲ್ಲಿ ಹೋಗಿತ್ತು.

ಹುಡುಗನಿಗೆ ಸದ್ಯಕ್ಕೆ ಕಂಟ್ರೋಲರ್ ಮತ್ತು ಸಿಮ್ಯುಲೇಟರ್ ಸಿಕ್ಕಿದೆ. ಮುಖ ಸ್ವಲ್ಪ ಸಪ್ಪಗಿತ್ತು, ಆದರೆ ಅವನ ಕಣ್ಣಿಗೆ ಸಿಲಿಂಡರ್ ಪವರ್ ಇದೆ ಅಂತ ಅವನಮ್ಮ ನೆನಪಿಸಿದ ಮೇಲೆ ತಾನೇ ಎನ್3 ಥರದ್ದರ ಬಗ್ಗೆ ಓದಲು ಶುರು ಮಾಡಿದ್ದಾನೆ. ಗಾಗಲ್ಸ್ ಬಂದ ದಿನ ವೀಕ್ಷಕರು ಯಾರು ಅನ್ನುವುದೂ ತೀರ್ಮಾನ ಆಗಿದೆ. ಅಪ್ಪ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಗಂಟೆ ಫೋನ್ ಕಾರಿನಲ್ಲೇ ಬಿಟ್ಟು, ಮಡಿಸುವ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತಾ ಕೂರಬೇಕು. ಅವರು ಒಪ್ಪಿದ್ದಾರೆ. ಫ್ಲಾಸ್ಕಿನಲ್ಲಿ ಕಾಫಿ ತರುತ್ತೇನೆ ಅಂತ ನಾನೂ ಒಪ್ಪಿದ್ದೇನೆ.